ಗೊಳ್ಳಿಗೂ ಗೋಳಿಗೂ ನಡುವಿನ ಕುರ್ಚಿ

ಆಕೆಯನ್ನು ಯಾರೂ ನೋಡಿರಲಿಲ್ಲ, ಎಲ್ಲರೂ ಕೇಳಿದ್ದರು. ಶನಿವಾರ ಸಂಜೆ ಏಳು ಗಂಟೆಯ ಟಿವಿ ಹಾಸ್ಯ ಕಾರ್ಯಕ್ರಮದಲ್ಲಿ, ಜೋಕು ಮುಗಿದು ಇನ್ನೂ ಯಾರ ತಲೆಗೂ ಇಳಿಯದಿರುವ ಅರೆಗಳಿಗೆಯಲ್ಲಿ, ತುಂಬಿದ ಕೊಡದಿಂದ ಮೊದಲ ಹನಿ ತುಳುಕಿದ ಹಾಗೆ ಒಂದು ನಗು ಬರುತ್ತಿತ್ತು. ಅದು ಆಕೆಯದು. ಅದರ ಹಿಂದೆಯೇ ಉಳಿದ ನೂರಿಪ್ಪತ್ತು ಜನ ನಗುತ್ತಿದ್ದರು. ಆಕೆ ನಕ್ಕ ಮೇಲೆ ನಗದೆ ಕೂರುವುದು, ಪಕ್ಕದವರು ಆಕಳಿಸುವಾಗ ಬಾಯಿ ಬಿಗಿದು ಕೂತಷ್ಟೇ ಕಷ್ಟ.

ಸ್ಟುಡಿಯೋದಲ್ಲಿ ಆಕೆಗೆ ನಗೆಯಕ್ಕ ಎಂದು ಹೆಸರು. ಮೂರನೆಯ ಸಾಲು, ಎಡಗಡೆಯಿಂದ ಎರಡನೆಯ ಕುರ್ಚಿ. ಅಲ್ಲಿ ಕೂತು ಮೊದಲು ನಗುವುದೇ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿದ್ದಳು.

ಆ ಕುರ್ಚಿಗೆ ಆಕೆ ಬಂದದ್ದು ಒಂದು ಗುಂಡಿಯಿಂದ. ಮೊದಲು ಉಡುಪಿನ ಕೋಣೆಯಲ್ಲಿ ಕಿತ್ತುಹೋದ ಗುಂಡಿಗಳನ್ನು ಹೊಲಿಯುತ್ತಿದ್ದಳು. ಕಾರ್ಯಕ್ರಮದ ನಾಯಕ ಬುರುಡೆ ಮಾವ ಎಂಬ ಐವತ್ತರ ದುಂಡು ಮನುಷ್ಯ. ಬುರುಡೆ ಬಿಡುವುದೇ ಅವನ ವಿದ್ಯೆಯಾದ್ದರಿಂದ ಜನ ಇಟ್ಟ ಹೆಸರು ಅದು. ಒಂದು ದಿನ ಅವನು ವೇದಿಕೆಯ ಮೇಲೆ ಉಸಿರೆಳೆದುಕೊಂಡ ರಭಸಕ್ಕೆ ಕೋಟಿನ ನಡುವಿನ ಗುಂಡಿ ಹಾರಿ ಕ್ಯಾಮೆರಾದವನ ಹಣೆಗೆ ಟಪ್ಪನೆ ಬಡಿಯಿತು. ಇದು ಜೋಕೋ ಅಪಘಾತವೋ ಎಂದು ತಿಳಿಯದೆ ಇಡೀ ಸಭಾಂಗಣ ಮಿಕಮಿಕ ನೋಡುತ್ತಿರುವಾಗ ಬಾಗಿಲ ಬಳಿ ನಿಂತಿದ್ದ ಆಕೆ ಬಾಯಿಂದ ಸೂಜಿ ತೆಗೆದು ಕೈಯಲ್ಲಿ ಹಿಡಿದು ನಕ್ಕಳು. ನೂರಿಪ್ಪತ್ತು ಜನ ಬಿದ್ದು ಬಿದ್ದು ನಕ್ಕರು. ಕೂತವರಿಗೆ ಯಾವಾಗ ನಗಬೇಕೆಂದು ಬೆರಳು ಎತ್ತಿ ಹೇಳುವ ಮೇಲ್ವಿಚಾರಕ ಓಡಿ ಬಂದ.

“ಆ ಗುಂಡಿ ಹೊಲ್ದಿದ್ದು ಯಾರು?”

“ನಾನೇ ಸಾರ್.”

“ನಾಳೆಯಿಂದ ಹೊಲೀಬೇಡಿ. ನಗಿ.”

ಆ ಮೇಲ್ವಿಚಾರಕನೇ ಬೆರಳಣ್ಣ. ಅವನು ಒಂದು ಬೆರಳು ಎತ್ತಿದರೆ ಮುಸಿ, ಅಂದರೆ ತುಟಿಯೊಳಗಿನ ನಗು. ಎರಡು ಎತ್ತಿದರೆ ಕಿಸಕ್. ಐದೂ ಬಿಚ್ಚಿದರೆ ಗೊಳ್. ನಗೆಯಕ್ಕನಿಗೆ ಆ ಬೆರಳುಗಳು ಎಷ್ಟು ಒಗ್ಗಿಹೋಗಿದ್ದವೆಂದರೆ, ಒಮ್ಮೆ ತರಕಾರಿಯವನು ಕೈ ಬಿಚ್ಚಿ “ಐದೇ ಇರೋದು” ಎಂದದ್ದಕ್ಕೆ ಗೊಳ್ಳನೆ ನಕ್ಕುಬಿಟ್ಟಿದ್ದಳು. ಅವನು ಬೇಸರಪಟ್ಟುಕೊಂಡು ಆರನೆಯದನ್ನು ಎಲ್ಲಿಂದಲೋ ಹುಡುಕಿ ತಂದುಕೊಟ್ಟ.

ಬೆರಳು ಕಾಣದ ಕಡೆ ಮಾತ್ರ ಆಕೆಗೆ ನಗು ಬರುತ್ತಿರಲಿಲ್ಲ. ಮನೆಯಲ್ಲಂತೂ ಇಲ್ಲವೇ ಇಲ್ಲ. ಗಂಡ ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಇಸ್ತ್ರಿ ಮಾಡಿದ ಅಂಗಿಯಂಥ ಮುಖ. ನಕ್ಕರೆ ಸುಕ್ಕಾದೀತು ಎಂಬ ಎಚ್ಚರ. ಆಕೆ ಆ ದಿನದ ಜೋಕನ್ನು ಹೇಳಿದರೆ ಪೂರ್ತಿ ಕೇಳಿ, “ಎರಡನೇ ವಾಕ್ಯದಲ್ಲಿ ಕರ್ತೃ ಯಾರು?” ಎನ್ನುತ್ತಿದ್ದ. ಅತ್ತೆ ಮಾತ್ರ ಶನಿವಾರ ಟಿವಿಯ ಸದ್ದನ್ನು ಕೊನೆಯವರೆಗೆ ಏರಿಸಿ, ಬಾಗಿಲು ತೆರೆದಿಟ್ಟು, ಮೊದಲ ನಗು ಬಂದೊಡನೆ ಮಹಡಿಗೆಲ್ಲ ಕೇಳುವಂತೆ “ಇದು ನಮ್ಮನೇದು” ಎನ್ನುತ್ತಿದ್ದರು.

“ನಿಮ್ಮ ಸೊಸೆ ಟಿವಿಲಿ ಕಾಣೋದೇ ಇಲ್ವಲ್ಲ,” ಎಂದಳು ಎದುರು ಮನೆಯ ನರ್ಸಮ್ಮ ಒಂದು ಸಲ.

“ಗಾಳಿ ಕಾಣುತ್ತಾ? ಹಂಗಂತ ಉಸಿರಾಡೋದು ಬಿಟ್ಟಿದ್ದೀಯಾ?” ಎಂದರು ಅತ್ತೆ.

ಹೀಗಿರುವಾಗ ಒಂದು ಸೋಮವಾರ ಆಕೆ ಸ್ಟುಡಿಯೋಗೆ ಹೋದರೆ ಇಬ್ಬರು ಆಳುಗಳು ಕುರ್ಚಿಗಳ ಬೋಲ್ಟು ಬಿಚ್ಚುತ್ತಿದ್ದರು. ಮೊದಲ ಸಾಲು ಆಗಲೇ ಹೋಗಿತ್ತು. ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು ಸಭಾಂಗಣ. ನಡುವೆ ಎದೆಗೆ ಟ್ಯಾಬ್ಲೆಟ್ ಒತ್ತಿಕೊಂಡು ಒಬ್ಬರು ನಿಂತಿದ್ದರು. ಮುಖ್ಯ ಕಚೇರಿಯಿಂದ ಬಂದವರು, ನಲವತ್ತರ ಆಸುಪಾಸು, ರೈಲು ಬರುವ ಹೊತ್ತನ್ನು ಹೇಳುವ ಧ್ವನಿ. ಅವರು ಎಲ್ಲರನ್ನೂ ಕರೆದು ವಿವರಿಸಿದರು. ಇನ್ನು ಮುಂದೆ ಕಾರ್ಯಕ್ರಮ ಫೋನಿನಲ್ಲಿ ನೇರವಾಗಿ ಹೋಗುತ್ತದೆ. ನೋಡುವವರ ಪರದೆಯ ಕೆಳಗೆ ಮುಸಿ, ಕಿಸಕ್, ಗೊಳ್ ಎಂಬ ಮೂರು ಗುಂಡಿ ಇರುತ್ತವೆ. ಮನೆಯಲ್ಲಿ ಎಷ್ಟು ಜನ ಒತ್ತುತ್ತಾರೋ ಇಲ್ಲಿ ಸ್ಪೀಕರಿನಲ್ಲಿ ಅಷ್ಟು ಜೋರು ನಗು.

“ಯಾರ ನಗು ಮೇಡಂ?” ಎಂದು ಕೇಳಿದಳು ನಗೆಯಕ್ಕ.

“ನಿಮ್ದೇ ಅಕ್ಕಾ. ಒಂದೇ ದಿನ ರೆಕಾರ್ಡ್ ಮಾಡ್ಕೊಂಡುಬಿಡ್ತೀವಿ.”

“ಮತ್ತೆ ನಾನು?”

“ನಿಮಗೇನು ತೊಂದ್ರೆ ಇಲ್ಲ. ನೀವು ಮನೇಲಿರಿ, ನಿಮ್ಮ ನಗು ಕೆಲ್ಸಕ್ಕೆ ಬರುತ್ತೆ.”

ಅಂದಿನಿಂದ ಅವರು ಗುಂಡಿ ಮೇಡಂ ಆದರು. ನಗೆಯಕ್ಕ ತನ್ನ ಕುರ್ಚಿಯ ಬೆನ್ನು ಸವರುತ್ತಾ, “ನೋಡು ಬೆರಳಣ್ಣ, ಗುಂಡಿ ಹೊಲಿದು ಒಳಗೆ ಬಂದೋಳು ನಾನು. ಈಗ ಗುಂಡಿ ಒತ್ತಿ ಹೊರಗೆ ಹಾಕ್ತಿದ್ದಾರೆ,” ಎಂದಳು.

“ನಿಮ್ಗಾದ್ರೂ ನಗು ಉಳೀತಕ್ಕಾ,” ಎಂದ ಬೆರಳಣ್ಣ, ತನ್ನ ಹತ್ತು ಬೆರಳುಗಳನ್ನು ಮುಂದೆ ಚಾಚಿ. “ಇವನ್ನ ನಾನೇನ್ ಮಾಡ್ಲಿ? ಮನೇಲಿ ಬಟಾಣಿ ಬಿಡಿಸೋಕೂ ನಂಬಿ ಕೊಡಲ್ಲ.”

ಬುರುಡೆ ಮಾವ ಕೂಗಾಡಿದ ಮೇಲೆ ಒಂದು ಒಪ್ಪಂದವಾಯಿತು. ಮೊದಲ ನೇರಪ್ರಸಾರದ ದಿನ ಮೂರನೆಯ ಸಾಲಿನ ಆ ಒಂದು ಕುರ್ಚಿ ಇರಲಿ; ನಗೆಯಕ್ಕ ಅದರಲ್ಲಿ ಸ್ಟೆಪ್ನಿಯಂತೆ ಕೂತಿರಲಿ. ಯಂತ್ರ ಕೆಟ್ಟು ಮೇಡಂ ಹೇಳಿದರೆ ನಗಬೇಕು, ಇಲ್ಲದಿದ್ದರೆ ಉಸಿರೆತ್ತಬಾರದು. ಯಂತ್ರ ಗೆದ್ದರೆ ಕುರ್ಚಿ ಹೋಗುತ್ತದೆ, ಸೋತರೆ ಉಳಿಯುತ್ತದೆ.

ನಗುವನ್ನು ಹಿಡಿದಿಡುವ ಕೋಣೆಯ ಗೋಡೆಗಳಿಗೆಲ್ಲ ಸ್ಪಂಜು ಮೆತ್ತಿತ್ತು. ಹಾಸಿಗೆಯೊಳಗೆ ಹೊಕ್ಕಂತಾಯಿತು ನಗೆಯಕ್ಕನಿಗೆ. ಗಾಜಿನಾಚೆಯಿಂದ ಗುಂಡಿ ಮೇಡಂ, “ಗೊಳ್. ಮೂರು ಸೆಕೆಂಡು. ಶುರು ಮಾಡಿ,” ಎಂದರು.

ನಗೆಯಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ.

“ಯಾಕಕ್ಕಾ?”

“ಏನಾಯ್ತು ಅಂತ ನಗ್ಲಿ ಮೇಡಂ?”

ಮೇಡಂ ಯೋಚಿಸಿದರು. ತಮ್ಮ ಟ್ಯಾಬ್ಲೆಟ್ಟಿನಲ್ಲಿ ಏನನ್ನೋ ಹುಡುಕಿ, ಎರಡನೇ ಪ್ಲಾಟ್‌ಫಾರ್ಮಿಗೆ ರೈಲು ಬರುತ್ತಿದೆ ಎನ್ನುವ ಅದೇ ಧ್ವನಿಯಲ್ಲಿ ಓದಿದರು: “ಒಬ್ಬ ಮನುಷ್ಯ. ಬಾಳೆಹಣ್ಣಿನ ಸಿಪ್ಪೆ. ಜಾರಿದ. ಬಿದ್ದ. ಇಲ್ಲಿ ನಗಬೇಕು.”

ನಗೆಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಡಂ ಗಂಭೀರವಾಗಿ, “ಒಂಬತ್ತು ಸೆಕೆಂಡಾಯ್ತು, ಮೂರು ಸಾಕು,” ಎಂದದ್ದಕ್ಕೆ ಮತ್ತೆ ನಕ್ಕಳು. ಮಧ್ಯಾಹ್ನದೊಳಗೆ ನಲವತ್ತು ನಗು ಡಬ್ಬಿ ಸೇರಿದವು. ಮೇಡಂ ಒಂದೊಂದಕ್ಕೂ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆದು ಕಂಪ್ಯೂಟರಿನೊಳಗೆ ಜೋಡಿಸಿಟ್ಟರು. ಅದೇ ಕಂಪ್ಯೂಟರಿನಲ್ಲಿ ಪಕ್ಕದ ಧಾರಾವಾಹಿ ವಿಭಾಗದವರ ಸದ್ದುಗಳೂ ಇದ್ದವು: ಗುಡುಗು, ಬಾಗಿಲು ಬಡಿತ, ಸಾವಿನ ಮನೆಯ ಅಳು.

ಆ ಹೆಸರುಗಳ ಪಟ್ಟಿಯ ಒಂದು ಪ್ರತಿಯನ್ನು ನಗೆಯಕ್ಕ ಮನೆಗೆ ತಂದಳು. ಗಂಡ ಅಭ್ಯಾಸಬಲದಿಂದ ಪೆನ್ಸಿಲು ಹಿಡಿದು ನೋಡಿದ.

“ಇಂಗ್ಲಿಷ್ ಅಕ್ಷರದಲ್ಲಿ ಹ್ರಸ್ವ ಯಾವ್ದು ದೀರ್ಘ ಯಾವ್ದು ಗೊತ್ತಾಗೋದೇ ಇಲ್ವಲ್ಲ.”

“ನನ್ನ ಕುರ್ಚಿ ಹೋಗ್ತಿದೆ ಅಂದ್ರೆ ನಿಮಗೆ ದೀರ್ಘದ ಚಿಂತೆ.”

“ದೀರ್ಘ ಅಂದ್ರೆ ಸುಮ್ನೆ ಅಲ್ಲ. ಕರು ಬಂತು ಅನ್ನೋದು ಕಾರು ಬಂತು ಅಂತ ಆಗುತ್ತೆ.”

“ಯಾವ್ದು ಬಂದ್ರೂ ಪಕ್ಕಕ್ಕೆ ಸರಿದು ನಿಂತ್ರಾಯ್ತು ಬಿಡೋ,” ಎಂದರು ಅತ್ತೆ.

ಶನಿವಾರ ಬಂತು. ಖಾಲಿ ಸಭಾಂಗಣದ ನಡುವೆ ಒಂಟಿ ಕುರ್ಚಿ, ಅದರಲ್ಲಿ ನಗೆಯಕ್ಕ. ಬೆರಳಣ್ಣ ಕೈಗಳನ್ನು ಜೇಬಿನೊಳಗೆ ಹೂತುಕೊಂಡು ಗೋಡೆಗೆ ಆತು ನಿಂತಿದ್ದ. ಬುರುಡೆ ಮಾವ ವೇದಿಕೆಗೆ ಬಂದು, ಇಲ್ಲದ ಜನಕ್ಕೆ ನಮಸ್ಕರಿಸಿ ಶುರು ಮಾಡಿದ.

“ನಮ್ಮ ಅಡುಗೆಮನೇಲಿ ಒಂದು ಇಲಿ ಸೇರ್ಕೊಂಡಿತ್ತು. ಹಿಡಿಯೋಣ ಅಂತ ಬೋನು ಇಟ್ಟೆ. ಬೆಳಿಗ್ಗೆ ನೋಡ್ತೀನಿ, ಬೋನು ಖಾಲಿ. ಒಳಗೊಂದು ಚೀಟಿ. ಏನು ಬರೆದಿತ್ತು ಗೊತ್ತಾ? ‘ಮನೆ ನೋಡಿದ್ವಿ. ಗಾಳಿ ಬೆಳಕು ಪರವಾಗಿಲ್ಲ, ಆದ್ರೆ ಬಾಗಿಲು ಸ್ವಲ್ಪ ಜೋರಾಗಿ ಬೀಳುತ್ತೆ. ಹೆಂಡ್ತಿನ ಕೇಳಿ ಹೇಳ್ತೀನಿ.’”

ಮನೆಮನೆಗಳಲ್ಲಿ ಜನ ಗೊಳ್ ಒತ್ತಿದರು. ಆಮೇಲೆ ಸಭಾಂಗಣದ ಎಂಟೂ ಸ್ಪೀಕರುಗಳಿಂದ ಮೂವತ್ತು ಹೆಂಗಸರು ಒಟ್ಟಿಗೆ ಗೊಳೋ ಎಂದು ಅತ್ತರು. “ಅಯ್ಯೋ, ನಮ್ಮನ್ನೆಲ್ಲ ಬಿಟ್ಟು ಹೋದ್ಯಲ್ಲೋ,” ಎಂದು ಒಬ್ಬಳು ಎದೆ ಬಡಿದುಕೊಂಡ ಸದ್ದೂ ಕೇಳಿಸಿತು.

ಗೊಳ್ಳಿಗೂ ಗೋಳಿಗೂ ಇಂಗ್ಲಿಷಿನಲ್ಲಿ ಬರೆದಿಟ್ಟದ್ದು ಒಂದೇ ಮೂರು ಅಕ್ಷರ, ಜಿ-ಓ-ಎಲ್. ಯಂತ್ರ ಪಾಪ, ಕೈಗೆ ಮೊದಲು ಸಿಕ್ಕಿದ್ದನ್ನು ಎತ್ತಿಕೊಟ್ಟಿತ್ತು. ಸಿಕ್ಕಿದ್ದು ಧಾರಾವಾಹಿಯವರ ಸಾವಿನ ಮನೆ.

ಬುರುಡೆ ಮಾವ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಮೂವತ್ತು ವರ್ಷದ ಅನುಭವ ಅವನ ಕೈ ಬಿಡಲಿಲ್ಲ. “ಅಳಬೇಡಿ ತಾಯಂದಿರೇ,” ಎಂದ ಸ್ಪೀಕರಿನ ಕಡೆ ತಿರುಗಿ. “ಇಲಿ ಸತ್ತಿಲ್ಲ. ಮನೆ ನೋಡ್ಕೊಂಡು ಹೋಗಿದೆ ಅಷ್ಟೆ.”

ಇದನ್ನು ಕೇಳಿ ಜನ ಇನ್ನಷ್ಟು ನಕ್ಕರು. ನಕ್ಕವರೆಲ್ಲ ಗೊಳ್ ಒತ್ತಿದರು. ಒತ್ತಿದಷ್ಟೂ ಅಳು ಜೋರಾಯಿತು. ಅಳು ಜೋರಾದಷ್ಟೂ ನಗು ಹೆಚ್ಚಿ ಮತ್ತೆ ಒತ್ತಿದರು. ಗುಂಡಿ ಮೇಡಂ ಮುಖದ ಒಂದು ಗೆರೆಯೂ ಅಲುಗದಂತೆ ಟ್ಯಾಬ್ಲೆಟ್ಟನ್ನು ಬಡಿಯುತ್ತಿದ್ದರು. ಕೊನೆಗೆ ಪರದೆಯ ಮೇಲೆ ‘ದಯವಿಟ್ಟು ಯಾರೂ ಗೊಳ್ ಒತ್ತಬೇಡಿ’ ಎಂದು ಬರೆಸಿದರು. ಅಲ್ಲಿಯವರೆಗೆ ಒತ್ತದಿದ್ದವರೂ ಒತ್ತಿದರು.

ಯಂತ್ರ ಸೋಲುತ್ತಿತ್ತು. ನಗೆಯಕ್ಕ ಮಾಡಬೇಕಾದ್ದು ಇಷ್ಟೇ: ಮೇಡಂ ತಾವಾಗಿ “ನಗಿ ಅಕ್ಕಾ” ಎಂದು ಬೇಡಿಕೊಳ್ಳುವವರೆಗೆ ಬಾಯಿ ಮುಚ್ಚಿಕೊಂಡು ಕೂತಿರುವುದು. ಕುರ್ಚಿ ಜನ್ಮಕ್ಕೆ ಆಕೆಯದಾಗುತ್ತಿತ್ತು. ಅದು ಗೊತ್ತಿದ್ದೇ ಕರವಸ್ತ್ರವನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಕಣ್ಣಲ್ಲಿ ನೀರು ಬಂತು. ಭುಜ ಕುಲುಕಿತು. ಆಗ ಸ್ಪೀಕರಿನೊಳಗಿನ ಮುದುಕಿ, “ಇನ್ನು ನನಗ್ಯಾರು ಗತಿ,” ಎಂದಳು. ಬುರುಡೆ ಮಾವ, “ನಮ್ಮನೆ ಬೋನು ಖಾಲಿ ಇದೆ, ಬಂದಿರಿ,” ಎಂದ. ಕರವಸ್ತ್ರ ಹಾರಿ ನೆಲಕ್ಕೆ ಬಿತ್ತು.

ಬೆರಳಣ್ಣನ ಕೈ ಇನ್ನೂ ಜೇಬಿನಲ್ಲೇ ಇತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಕುರ್ಚಿಯಲ್ಲಿ ಯಾರೂ ಬೆರಳೆತ್ತಿ ಕೇಳದ ನಗು ಹುಟ್ಟಿತ್ತು. ಮುಸಿಯಲ್ಲ, ಕಿಸಕ್ಕೂ ಅಲ್ಲ. ಅಳುವ ಮೂವತ್ತು ಹೆಂಗಸರ ನಡುವೆ ದಾರಿ ಬಿಡಿಸಿಕೊಂಡು, ಮೆಟ್ಟಿಲಿಳಿಯುವ ಚೆಂಡಿನ ಹಾಗೆ ಪುಟಿದು ಪುಟಿದು ಹೋಗುವಂಥದು.

ಕಾರ್ಯಕ್ರಮ ಮುಗಿಯುವ ಹೊತ್ತಿಗೆ ನೋಡುವವರ ಸಂಖ್ಯೆ ಮೂರು ಪಟ್ಟಾಗಿತ್ತು. ‘ಸಾವಿನ ಮನೇಲಿ ನಗ್ತಾ ಕೂತಿರೋ ಆ ಹೆಂಗಸು ಯಾರು?’ ಎಂದು ಸಾವಿರಾರು ಜನ ಬರೆದಿದ್ದರು. ಯಂತ್ರ ಸೋತಿತೋ ಗೆದ್ದಿತೋ ಯಾರಿಗೂ ಹೇಳಲಾಗಲಿಲ್ಲ.

“ಸುಮ್ನೆ ಕೂತಿದ್ರೆ ಕುರ್ಚಿ ನಿಮ್ದಾಗ್ತಿತ್ತಲ್ಲಕ್ಕಾ,” ಎಂದು ಬೆರಳಣ್ಣ ಹಲುಬಿದ.

“ಸುಮ್ನೆ ಕೂರೋದು ನೀನು ಯಾವತ್ತು ಕಲಿಸಿದ್ದೆ?” ಎಂದಳು ಆಕೆ.

ಮುಖ್ಯ ಕಚೇರಿಯವರು ತಮ್ಮ ತಲೆನೋವನ್ನು ಜನರ ತಲೆಗೆ ಕಟ್ಟಿದರು. ಮುಂದಿನ ವಾರದಿಂದ ಏನು ಬೇಕು, ನಗೆಯಕ್ಕನ ಗೊಳ್ಳೋ, ಸ್ಪೀಕರಿನ ಗೋಳೋ? ನೋಡುವವರೇ ಆರಿಸಲಿ. ಒಂದು ಫೋನಿಗೆ ಒಂದು ಮತ. ಈ ಸಲ ಎರಡು ಗುಂಡಿಗಳ ಮೇಲೂ ಅಚ್ಚ ಕನ್ನಡದಲ್ಲಿ, ಹ್ರಸ್ವ ದೀರ್ಘ ತಪ್ಪದಂತೆ, ಗೊಳ್ ಮತ್ತು ಗೋಳು ಎಂದು ಬರೆಸಿದರು.

ಅತ್ತೆ ಕಚ್ಚೆ ಕಟ್ಟಿ ನಿಂತರು. ಮಹಡಿಯಿಂದ ಮಹಡಿಗೆ ಹತ್ತಿಳಿದು, “ನಿಮಗ್ಯಾಕೆ ತೊಂದ್ರೆ, ಕೊಡಿ ಇಲ್ಲಿ, ನಾನೇ ಒತ್ತಿ ಕೊಡ್ತೀನಿ,” ಎಂದು ಇಪ್ಪತ್ತಾರು ಫೋನುಗಳಲ್ಲಿ ತಾವೇ ಮತ ಹಾಕಿದರು. ನರ್ಸಮ್ಮನ ಫೋನನ್ನು ಅವಳು ಸ್ನಾನಕ್ಕೆ ಹೋದಾಗ ಒತ್ತಿ ಇಟ್ಟಿದ್ದರು.

ಫಲಿತಾಂಶ ಬಂತು. ಗೋಳು ನಲವತ್ತು ಮತಗಳಿಂದ ಗೆದ್ದಿತ್ತು.

ನಗೆಯಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಒಲೆಯ ಮೇಲೆ ಕುದಿಯುವ ಚಹಾವನ್ನು ನೋಡುತ್ತಾ ಉಕ್ಕಲು ಬಿಟ್ಟಳು. ಗಂಡ ಬಂದು ಒಲೆ ಆರಿಸಿ ಪಕ್ಕದಲ್ಲಿ ನಿಂತ. ಸಮಾಧಾನ ಹೇಳುವ ವಾಕ್ಯವೊಂದನ್ನು ಅವನು ಮನಸ್ಸಿನಲ್ಲೇ ತಿದ್ದುತ್ತಿದ್ದುದು ಅವನ ತುಟಿಯಿಂದ ತಿಳಿಯುತ್ತಿತ್ತು. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು.

“ಅದು ಹೆಂಗೆ ಸೋಲುತ್ತೆ? ಇಪ್ಪತ್ತಾರು ಫೋನು. ಎಲ್ಲಾದ್ರಲ್ಲೂ ಆ ಉದ್ದಂದು ಇದ್ಯಲ್ಲ, ಅದನ್ನೇ ಒತ್ತಿದ್ದೀನಿ.”

“ಯಾವ ಉದ್ದಂದು?” ಎಂದ ಮಗ ನಿಧಾನವಾಗಿ.

“ದೀರ್ಘ ಇತ್ತಲ್ಲೋ. ಗಿಡ್ಡ ಇರೋದು ಸಣ್ಣ ನಗು, ಉದ್ದ ಎಳೆದಿರೋದು ದೊಡ್ಡ ನಗು. ಅಷ್ಟೂ ಗೊತ್ತಾಗಲ್ವಾ ನನಗೆ?”

ಕರಡು ತಿದ್ದುವವನು ಗೋಡೆ ನೋಡುತ್ತಾ ಲೆಕ್ಕ ಹಾಕಿದ. ಇಪ್ಪತ್ತಾರು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಹನ್ನೆರಡು ಮತದ ಗೆಲುವು. “ಅಮ್ಮಾ,” ಎಂದ. “ನೀನು ಒತ್ತಿದ್ದು ಗೋಳು.” ಆಮೇಲೆ ಅವನ ಮೂಗಿನಿಂದ ವಿಚಿತ್ರವಾದ ಸದ್ದೊಂದು ಹೊರಟಿತು. ನೀರು ನಿಂತ ನಲ್ಲಿಯಲ್ಲಿ ಗಾಳಿ ಬಂದಂತಿತ್ತು. ಅದು ನಗು ಎಂದು ಗುರುತಿಸಲು ಇಬ್ಬರು ಹೆಂಗಸರಿಗೂ ಸ್ವಲ್ಪ ಹೊತ್ತು ಹಿಡಿಯಿತು.

“ಮುಸಿ,” ಎಂದಳು ನಗೆಯಕ್ಕ, ಕಸುಬಿನವಳಾಗಿ. ಅದನ್ನು ಹೇಳುತ್ತಿದ್ದಂತೆ ತನಗೇ ಗೊಳ್ ಬಂತು. ಅತ್ತೆ, “ನನ್ನ ಯಾಕ್ರೋ ಗೋಳು ಹೊಯ್ಕೋತೀರಾ,” ಎಂದು ಶುರು ಮಾಡಿ, ತಾವೇ ಹೇಳಿದ ಮಾತು ಕಿವಿಗೆ ಬಿದ್ದು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು.

ಸ್ಟುಡಿಯೋದವರಿಗೆ ಈ ವಿಷಯ ತಿಳಿಸೋಣ ಎಂದ ಗಂಡ. ನಗೆಯಕ್ಕ ಬೇಡವೆಂದಳು. ಬೇರೆಯವರ ಮತ ಹಾಕಿದ್ದಕ್ಕೆ ಅತ್ತೆಯನ್ನು ಊರ ಮುಂದೆ ನಿಲ್ಲಿಸಿ ಗಳಿಸುವ ಕುರ್ಚಿಯಲ್ಲಿ ಕೂತರೆ ಯಾವ ಬೆರಳಿಗೂ ನಗು ಬರಲಾರದು. ಸೋಮವಾರ ತನ್ನ ದಿಂಬು ಮತ್ತು ನೀರಿನ ಬಾಟಲಿ ತರಲು ಹೋದಳು.

ಆಕೆಯ ಕುರ್ಚಿಯಲ್ಲಿ ಬುರುಡೆ ಮಾವ ಕೂತಿದ್ದ. ಬೋಲ್ಟು ಬಿಚ್ಚುವ ಆಳು ಸ್ಪ್ಯಾನರ್ ಹಿಡಿದು ಕಾದಿದ್ದ.

“ಏಳಲ್ಲ ನಾನು,” ಎಂದ ಬುರುಡೆ ಮಾವ ಗುಂಡಿ ಮೇಡಂಗೆ. “ಜನಕ್ಕೆ ಗೋಳು ಬೇಕಂತೆ, ಕೊಡಿ. ನನಗೆ ಗೊಳ್ ಬೇಕು. ಅಷ್ಟು ಹೆಂಗಸ್ರು ಅಳ್ತಾ ಇದ್ರೆ ಮನುಷ್ಯನಾದವನು ಹೆಂಗೆ ಜೋಕು ಹೇಳ್ತಾನೆ? ನಿನ್ನೆ ತಾಲೀಮಲ್ಲಿ ಇಲಿ ಕತೆ ಹೇಳ್ತಾ ನಾನೇ ಅತ್ತುಬಿಟ್ಟೆ. ಆ ಇಲಿಗೆ ಮಕ್ಕಳಿತ್ತೇನೋ ಅನ್ನಿಸ್ತು.”

“ಅಕ್ಕನ ದನಿ ಮೈಕಿಗೆ ಸೇರಿದ್ರೆ ಮತಕ್ಕೆ ಬೆಲೆ ಎಲ್ಲಿ ಬಂತು?” ಎಂದರು ಮೇಡಂ. ಅವರು ಹೇಳಿದ್ದೂ ನ್ಯಾಯವೇ. ತುಸು ಯೋಚಿಸಿ, ಗೋದಾಮಿನಲ್ಲಿ ಹಳೆಯ ವಾರ್ತೆ ಓದುವವರ ಗಾಜಿನ ಕೋಣೆಯೊಂದಿದೆ, ನಿಂತ ಬೀರುವಿನಷ್ಟು ಅಗಲ, ಅದರೊಳಗೆ ಅಕ್ಕನನ್ನು ಕೂರಿಸಬಹುದು ಎಂದರು. “ಕಿವಿಗೆ ಹೆಡ್‌ಫೋನ್ ಹಾಕಿರ್ತೀವಿ, ಜೋಕು ಕೇಳುತ್ತೆ. ನಗು ಹೊರಗೆ ಕಾಣುತ್ತೆ, ಕೇಳಿಸಲ್ಲ.”

“ಮೀನಿನ ತರ ಬಾಯಿ ಬಿಡಬೇಕಾ ನಾನು?” ಎಂದಳು ನಗೆಯಕ್ಕ.

ಬುರುಡೆ ಮಾವ ಆಕೆಯನ್ನೇ ನೋಡುತ್ತಿದ್ದ. ವೇದಿಕೆಯ ಮೇಲೆ ಎಂದೂ ಕಾಣದ ಮುಖ, ಬುರುಡೆ ಇಲ್ಲದ್ದು. ಕೇಳಿಸದ ನಗುವಿಗಾಗಿ ಒಬ್ಬ ಮನುಷ್ಯ ಹಟ ಹಿಡಿದು ಕೂತಿದ್ದಾನೆ ಎಂಬುದು ಆಕೆಯ ಮನಸ್ಸಿಗೆ ನಿಧಾನವಾಗಿ ಇಳಿಯಿತು.

“ಚಿಲಕ ಒಳಗಡೆ ಇರ್ಬೇಕು,” ಎಂದಳು.

ಶನಿವಾರ ಗಾಜಿನ ಕೋಣೆಯನ್ನು ಮೂರನೆಯ ಸಾಲಿದ್ದ ಜಾಗದಲ್ಲೇ ತಂದು ನಿಲ್ಲಿಸಿದರು. ಅದೇ ಕುರ್ಚಿ ಒಳಗೆ ಹೋಯಿತು. ಬುರುಡೆ ಮಾವ ಮೊದಲ ಜೋಕು ಹೇಳಿದ, ಸ್ಪೀಕರಿನ ಹೆಂಗಸರು ಬಾಯಿ ಬಡಿದುಕೊಂಡರು, ಗಾಜಿನಾಚೆ ನಗೆಯಕ್ಕ ಸದ್ದಿಲ್ಲದೆ ಅಲುಗಾಡಿದಳು. ಎರಡನೆಯ ಜೋಕಿಗೆ ಗಾಜು ಮಂಜಾಯಿತು. ಮೂರನೆಯದಕ್ಕೆ ಒಳಗೆ ಒಂದು ಬಣ್ಣ ಕದಲುತ್ತಿರುವುದಷ್ಟೇ ಕಾಣುತ್ತಿತ್ತು. ಆಕೆ ನಗುತ್ತಿದ್ದಾಳೋ ಹಣೆ ಒರೆಸುತ್ತಿದ್ದಾಳೋ ತಿಳಿಯದೆ ಬುರುಡೆ ಮಾವ ವೇದಿಕೆಯ ಅಂಚಿಗೆ ಬಂದು ಕಣ್ಣು ಕಿರಿದು ಮಾಡಿ ನೋಡಿದ. ನಾಲ್ಕನೆಯದನ್ನು ನಡುವೆಯೇ ಮರೆತ. ಆಕೆ ಕೈಯಿಂದ ಗಾಜಿನಲ್ಲಿ ಒಂದು ರೊಟ್ಟಿಯಗಲ ಒರೆಸಿ, ಆ ಕಿಂಡಿಯಲ್ಲಿ ಮುಖ ಇಟ್ಟು ನಕ್ಕಳು. ಮರುಗಳಿಗೆಯಲ್ಲೇ ಅದೂ ಮಂಜಾಯಿತು.

ಆಗ ಚಿಲಕ ಸರಿದ ಸದ್ದಾಯಿತು. ಬಾಗಿಲು ಒಂದು ಗೇಣು ತೆರೆಯಿತು. ಆ ಗೇಣಿನಿಂದ ನಗು ಹೊರಬಿದ್ದು ನೇರವಾಗಿ ಗೋಳಿನ ನಡುವೆ ಹೋಗಿ ಕೂತಿತು.

ಗುಂಡಿ ಮೇಡಂ ಟ್ಯಾಬ್ಲೆಟ್ಟಿನಿಂದ ತಲೆ ಎತ್ತಿದರು. ಹತ್ತಿರ ಬಂದು ಪಿಸುದನಿಯಲ್ಲಿ, “ಅಕ್ಕಾ, ಬಾಗಿಲು,” ಎಂದರು.

“ಸೆಖೆ ಮೇಡಂ,” ಎಂದಳು ನಗೆಯಕ್ಕ.

ಮೇಡಂ ಒಳಗೆ ಕೈ ಹಾಕಿ ನೋಡಿದರು. ನಿಜವಾಗಿಯೂ ಸೆಖೆ ಇತ್ತು. ಬಾಗಿಲು ಭಾರಕ್ಕೆ ತಾನಾಗಿ ಮುಚ್ಚಿಕೊಳ್ಳಲು ಬರುತ್ತಿತ್ತು. ಅವರು ಬಗ್ಗಿ ತಮ್ಮ ಒಂದು ಚಪ್ಪಲಿ ಕಳಚಿ ಸಂದಿಗೆ ಸಿಕ್ಕಿಸಿ, ಇನ್ನೊಂದೇ ಚಪ್ಪಲಿಯಲ್ಲಿ ಕುಂಟುತ್ತಾ ತಮ್ಮ ಜಾಗಕ್ಕೆ ವಾಪಸು ಹೋದರು.